ಆಟಿ ಕೂರಲು ಬಂದ ಮಗಳು

ಮಾತಾಡುವ ಹಾಗಿಲ್ಲ. ಮಾಮ ಅದನ್ನು ಹಿಂದಿನ ರಾತ್ರಿಯೇ ಹೇಳಿ ಮಲಗಿದ್ದರು. ಈಗ ಬೆಳಗಿನ ಜಾವ ನಾಲ್ಕೂವರೆ. ಭಾಂಡುಪ್ ಪಶ್ಚಿಮದಲ್ಲಿರುವ ನಮ್ಮ ಕಟ್ಟಡದ ಹಿಂದೆ, ಕಂಪೌಂಡು ಗೋಡೆಗೆ ಒತ್ತಿಕೊಂಡು ನಾವಿಬ್ಬರೂ ಮಳೆಯಲ್ಲಿ ನಿಂತಿದ್ದೇವೆ. ಇರುವುದು ಒಂದೇ ಕೊಡೆ. ನಾನದನ್ನು ಮಾಮನ ತಲೆಯ ಮೇಲೆ ಹಿಡಿದಷ್ಟೂ ಅವರು ಅದರಿಂದ ಹೊರಗೆ ಸರಿಯುತ್ತಾರೆ. ಕೈಯಲ್ಲಿ ಮುಷ್ಟಿಗಾತ್ರದ ಕಪ್ಪು ಕಲ್ಲು. ಕತ್ತಿ ತರುವಂತಿಲ್ಲ, ಕಬ್ಬಿಣ ತಾಗಿದರೆ ಮದ್ದು ಕೆಡುತ್ತದೆ.

ಎದುರಿಗಿರುವುದು ಮುಂಬಯಿಯ ರಸ್ತೆಬದಿಗಳಲ್ಲಿ ಧಾರಾಳವಾಗಿ ಕಾಣುವ ಸಪ್ತಪರ್ಣಿ. ಮರಾಠಿಯವರಿಗೆ ಸಾತ್ವಿಣ, ತುಳುವರಿಗೆ ಪಾಲೆ, ಕನ್ನಡದಲ್ಲಿ ಹಾಲೆ ಮರ. ನಗರದವರು ನೆರಳಿಗೆಂದು ನೆಟ್ಟಿದ್ದು, ನಮಗೆ ವರ್ಷಕ್ಕೊಮ್ಮೆ ಬೇಕಾಗುವ ಮದ್ದಿನ ಮರ. ಮಾಮ ಒಂದು ಗೆಲ್ಲನ್ನು ಬಗ್ಗಿಸಿ, ಸುತ್ತ ಕೂತ ಎಲೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಏಳು. ಕತ್ತಲಲ್ಲಿ ಮರ ತಪ್ಪಿ, ಕಾಸರಕದ ತೊಗಟೆ ತಂದು, ಕುಡಿದು ಜೀವ ಕಳೆದುಕೊಂಡವರ ಸುದ್ದಿ ಊರಲ್ಲಿ ಆಗಾಗ ಕೇಳಿಬರುತ್ತದೆ. ಎಣಿಸದೆ ಮಾಮ ಕಲ್ಲು ಎತ್ತುವುದಿಲ್ಲ.

ಟಕ್, ಟಕ್, ಟಕ್. ತೊಗಟೆ ಜಜ್ಜಿಹೋಗಿ ಬಿಳಿ ಹಾಲು ಒಸರುತ್ತದೆ, ಮಳೆಹನಿ ಬಿದ್ದಲ್ಲಿ ಕದಡಿ ಕಾಂಡದ ಉದ್ದಕ್ಕೆ ಇಳಿಯುತ್ತದೆ. ಅಂಗೈಯಗಲದ ಎರಡು ಚಕ್ಕೆ ಸಾಕು. ಮಾಮ ಗಾಯವಾದ ಜಾಗಕ್ಕೆ ಕೈಯಿಟ್ಟು ಒಂದು ಕ್ಷಣ ನಿಲ್ಲುತ್ತಾರೆ. ಅದು ನಮಸ್ಕಾರವೋ ಕ್ಷಮೆ ಕೇಳುವುದೋ ನಾನು ಕೇಳಿಲ್ಲ, ಕೇಳುವ ಹಾಗೂ ಇಲ್ಲ.

ಇವತ್ತು ಆಟಿ ಅಮಾವಾಸ್ಯೆ.

ಒಂಬತ್ತನೇ ಮಹಡಿಯ ಅಡುಗೆಮನೆಯಲ್ಲಿ ದೊಡ್ಡಮ್ಮ ಗ್ಯಾಸಿನ ಉರಿಯ ಮೇಲೆ ಒಂದು ಬೆಣಚುಕಲ್ಲು ಇಟ್ಟು ಕಾಯುತ್ತಿದ್ದಾರೆ. ಅದು ಊರಿನ ತೋಡಿನಿಂದ ಅವರ ಟ್ರಂಕಿನಲ್ಲಿ ಮುಂಬಯಿಗೆ ಬಂದ ಕಲ್ಲು. ಸುಟ್ಟು ಸುಟ್ಟು ಅದರ ಬಿಳಿ ಬಣ್ಣ ಹೋಗಿ ಈಗ ಹಳೆಯ ಹಲ್ಲಿನ ಹಾಗಿದೆ. ತೊಗಟೆಯನ್ನು ಗುದ್ದಿ ಹಿಂಡಿದ ರಸಕ್ಕೆ ಬೆಳ್ಳುಳ್ಳಿ, ಒಳ್ಳೆಮೆಣಸು, ಓಮ ಜಜ್ಜಿ ಹಾಕಿದ್ದಾರೆ. ಕೆಂಪಗೆ ಕಾದ ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಅದರೊಳಗೆ ಬಿಟ್ಟರೆ ಚುಂಯ್ ಎಂದು ಇಡೀ ಮನೆ ಕಹಿ ಹಬೆಯಿಂದ ತುಂಬುತ್ತದೆ. ಒಬ್ಬೊಬ್ಬರಿಗೂ ಅರ್ಧ ಲೋಟ, ಬರಿಹೊಟ್ಟೆಯಲ್ಲಿ. ನಾಲಗೆ ಮರಗಟ್ಟುವಷ್ಟು ಕಹಿ. ಹಿಂದೆಯೇ ಒಂದು ಚೂರು ಬೆಲ್ಲ, ಆಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ದೊಡ್ಡಮ್ಮನ ಮೊಮ್ಮಗ, ಆರನೇ ಕ್ಲಾಸಿನ ಹುಡುಗ, ಮೂಗು ಮುಚ್ಚಿ ಕುಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಾನೆ. “ಒಂದು ವರ್ಷಕ್ಕೆ ಆಯಿತು ಮಗ” ಎಂದು ದೊಡ್ಡಮ್ಮ ಅವನ ಬೆನ್ನು ಸವರುತ್ತಾರೆ.

ಮದ್ದು ಬದುಕಿರುವವರ ಪಾಲಿನದು. ಈ ದಿನದ ಮುಖ್ಯ ಕೆಲಸ ಇನ್ನೂ ರಾತ್ರಿಗೆ ಉಳಿದಿದೆ. ಇವತ್ತು ಸತ್ತವರು ಊಟಕ್ಕೆ ಬರುತ್ತಾರೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತುಳುನಾಡಿನ ಬಡತನದ ತಿಂಗಳು. ಕಣಜ ಬರಿದು, ಹೊರಗೆ ಬಿಡದ ಮಳೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕೋಲ ಇಲ್ಲ, ನೇಮ ಇಲ್ಲ, ಯಕ್ಷಗಾನದ ಮೇಳಗಳ ತಿರುಗಾಟ ಇಲ್ಲ. ಬದುಕಿರುವವರ ಮದುವೆಗೂ ಈ ತಿಂಗಳು ಆಗದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ‘ಆಟಿ ಕೂರುತ್ತಾರೆ’. ದೈವಗಳೂ ಮದುವೆಗಳೂ ಬಿಟ್ಟುಕೊಟ್ಟ ಈ ಜಾಗ ಕುಲೆಗಳದು. ಕುಲೆ ಎಂದರೆ ಮನೆಯ ಸತ್ತವರು. ಕನ್ನಡದ ಪ್ರೇತ ಎಂಬ ಮಾತು ಅದಕ್ಕೆ ಸರಿಹೊಂದುವುದಿಲ್ಲ, ಅದರಲ್ಲಿ ಭಯ ಜಾಸ್ತಿ. ಕುಲೆ ಎಂದಾಗ ನಮ್ಮ ಮನೆಗಳಲ್ಲಿ ಬರುವುದು ದೂರದಲ್ಲಿರುವ ನೆಂಟರ ಬಗ್ಗೆ ಮಾತಾಡುವಾಗಿನ ದನಿ. ಅವರಿಗೆ ಹಸಿವಾಗುತ್ತದೆ, ಬೇಸರವಾಗುತ್ತದೆ, ಕರೆಯದಿದ್ದರೆ ಮನಸ್ಸು ನೋಯುತ್ತದೆ.

ಅವರಿಗೆ ಪ್ರಾಯವೂ ಆಗುತ್ತದೆ. ಇದನ್ನು ಹೊರಗಿನವರು ಸುಲಭಕ್ಕೆ ನಂಬುವುದಿಲ್ಲ.

ದೊಡ್ಡಮ್ಮನ ಮಗಳು ತೀರಿಕೊಂಡದ್ದು 1986ರ ಮಳೆಗಾಲದಲ್ಲಿ. ಮೂರು ವರ್ಷ, ಜ್ವರ. ಇದೇ ಜಾಗದಲ್ಲಿ ಆಗ ಚಾಳು ಇತ್ತು. ಹತ್ತು ಅಡಿ ಉದ್ದ ಹನ್ನೆರಡು ಅಡಿ ಅಗಲದ ಖೋಲಿ, ತಗಡಿನ ಮಾಡು, ಓಣಿಯ ಕೊನೆಗೆ ನಳ್ಳಿ. ದೊಡ್ಡಪ್ಪ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿದ್ದರು. ಚಾಳು ಕೆಡವಿ ಈ ಗೋಪುರ ಎದ್ದದ್ದು ಆಮೇಲಿನ ಕಥೆ. ಮಗು ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೆ, ದೊಡ್ಡಮ್ಮನ ಮಗನಿಗೆ ಹೆಣ್ಣು ಕೂಡಿಬರಲಿಲ್ಲ. ಮಾತು ಆಗುವುದು, ಮುರಿಯುವುದು. ಊರಿಗೆ ಹೋಗಿ ಬಲ್ಮೆ, ಅಂದರೆ ಜೋಯಿಸರ ಪ್ರಶ್ನೆ, ಕೇಳಿದಾಗ ಬಂದ ಉತ್ತರ ಹೀಗಿತ್ತು: ಮನೆಯಲ್ಲಿ ಮದುವೆಗೆ ಬಂದ ಮಗಳೊಬ್ಬಳಿದ್ದಾಳೆ, ಅವಳನ್ನು ಕೂರಿಸಿಕೊಂಡು ತಮ್ಮನಿಗೆ ಯಾಕೆ ಅವಸರ?

ದೊಡ್ಡಮ್ಮ ಅಂದು ಅತ್ತದ್ದು ದುಃಖಕ್ಕಲ್ಲವಂತೆ. “ಅವಳು ದೊಡ್ಡವಳಾಗುತ್ತಿದ್ದಳು, ನಾನು ಇನ್ನೂ ಎತ್ತಿಕೊಂಡೇ ಇದ್ದೆ” ಎಂದು ನನಗೆ ಹೇಳಿದ್ದರು.

ಕುಲೆ ಮದಿಮೆ, ಅಂದರೆ ಮದುವೆಯಾಗದೆ ತೀರಿಕೊಂಡವರ ಮದುವೆ, ತುಳುನಾಡಿನಲ್ಲಿ ಇವತ್ತಿಗೂ ನಡೆಯುತ್ತದೆ. 2024ರ ಮೇ ತಿಂಗಳಲ್ಲಿ ಪುತ್ತೂರಿನ ಕುಟುಂಬವೊಂದು, ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಯಿತು. ಟಿವಿಯವರು ಅದನ್ನು ವಿಚಿತ್ರವೆಂಬಂತೆ ತೋರಿಸಿದರು. ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಜಾತಿ ಒಂದೇ ಇರಬೇಕು, ಬರಿ, ಅಂದರೆ ಗೋತ್ರ, ಬೇರೆಯಾಗಿರಬೇಕು, ವರನೂ ಮದುವೆಯಾಗದೆ ಹೋದವನಾಗಿರಬೇಕು. ಅಂಥ ಮನೆ ಹುಡುಕುವುದು ಸುಲಭದ ಕೆಲಸವಲ್ಲ.

ದೊಡ್ಡಮ್ಮನಿಗೆ ಅದು ಸಿಕ್ಕಿದ್ದು ಠಾಣೆಯಲ್ಲಿ. ಕಾರ್ಕಳ ಕಡೆಯ ಕುಟುಂಬ, ಒಂಬತ್ತು ವರ್ಷದ ಹುಡುಗ ರಜೆಗೆ ಊರಿಗೆ ಹೋದವನು ಬಾವಿಗೆ ಬಿದ್ದಿದ್ದ. 2007ರ ಆಟಿಯಲ್ಲಿ ಗಂಡಿನ ಕಡೆಯವರು ಸಂಜೆಯ ಲೋಕಲ್ ಹಿಡಿದು ಬಂದರು. ಚೀಲದಲ್ಲಿ ಜರಿ ಪಂಚೆ, ಶಲ್ಯ, ಮುಂಡಾಸು. ಇಲ್ಲಿ ಮಣೆಯ ಮೇಲೆ ಹಸಿರು ಸೀರೆ, ರವಿಕೆ, ಮಲ್ಲಿಗೆ, ಬಳೆ, ಕರಿಮಣಿ. ಎರಡು ಮಣೆಗಳನ್ನು ಹತ್ತಿರ ಸರಿಸಿ ಧಾರೆ ಎರೆದರು. ಭಟ್ಟರಿಲ್ಲ, ಮಂತ್ರವಿಲ್ಲ. ಹಿರಿಯರು ತುಳುವಿನಲ್ಲಿ ನಾಲ್ಕು ಮಾತು ಹೇಳಿದರು, ಅಷ್ಟೇ. ಮಕ್ಕಳೂ ಮದುವೆಯಾಗದವರೂ ಅಲ್ಲಿರಬಾರದೆಂದು ನನ್ನನ್ನು ಕೆಳಗೆ ಕಳಿಸಿದ್ದರು, ಹಾಗಾಗಿ ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆದರೆ ಬಳೆ ಕೊಳ್ಳಲು ದಾದರಿಗೆ ದೊಡ್ಡಮ್ಮನ ಜೊತೆ ಹೋದವನು ನಾನೇ. ಬಳೆಯಂಗಡಿಯವನು ಯಾರಿಗೆ, ಯಾವ ಅಳತೆ ಎಂದು ಕೇಳಿದ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಎಡಗೈಯನ್ನೇ ಮುಂದೆ ಚಾಚಿದರು. “ಮಗಳಿಗೆ. ಇದೇ ಅಳತೆ ಬರುತ್ತದೆ.”

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿದೆ. ಕಾರಿಡಾರಿನಲ್ಲಿ ನಡೆದರೆ ಇದೇ ಅಮಾವಾಸ್ಯೆ ಬಾಗಿಲಿಗೊಂದು ಬಗೆಯಾಗಿ ಕಾಣುತ್ತದೆ. ಎದುರು ಮನೆಯ ಮರಾಠಿ ಕಾಕು ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿ ಸಾಲಾಗಿ ಜೋಡಿಸಿದ್ದಾರೆ. ಅವರಿಗಿದು ದಿವ್ಯಾಚಿ ಅವಸ, ದೀಪದ ಅಮಾವಾಸ್ಯೆ. ಅವರ ಪಕ್ಕದ ಮನೆಯಿಂದ ಕೋಳಿ ಮಸಾಲೆಯ ವಾಸನೆ ಬರುತ್ತಿದೆ. ನಾಳೆಯಿಂದ ಶ್ರಾವಣ, ಮಾಂಸ ಬಿಡಬೇಕು, ಅದಕ್ಕೆ ಇವತ್ತು ಗಟಾರಿ. ಮೂಲೆಯ ಮನೆಯ ಹಾಸನದ ಕಡೆಯ ಅಕ್ಕ ಭೀಮನ ಅಮಾವಾಸ್ಯೆ ಮಾಡಿ, ಹೊಸ್ತಿಲ ಮೇಲೆ ಕಡುಬಿಟ್ಟು ತಮ್ಮನಿಂದ ಮೊಣಕೈಯಲ್ಲಿ ಭಂಡಾರ ಒಡೆಸಿ, ಪ್ರಸಾದ ತಂದಿದ್ದಾರೆ. ಆ ವ್ರತದ ಕಥೆ ಗೊತ್ತಲ್ಲ? ಸತ್ತ ರಾಜಕುಮಾರನಿಗೆ ಬಡವರ ಮನೆಯ ಹುಡುಗಿಯನ್ನು ಮದುವೆ ಮಾಡಿಕೊಡುತ್ತಾರೆ. ಅವಳು ಹೆಣದ ಪಕ್ಕದಲ್ಲೇ ಮಣ್ಣಿನ ದೀಪ ಹಚ್ಚಿ ವ್ರತ ಮಾಡುತ್ತಾಳೆ, ಶಿವಪಾರ್ವತಿಯರು ಬಂದು ಅವನನ್ನು ಎಬ್ಬಿಸುತ್ತಾರೆ. ಘಟ್ಟದ ಮೇಲಿನ ಕಥೆಯಲ್ಲಿ ಸತ್ತವನು ಏಳುತ್ತಾನೆ. ಘಟ್ಟದ ಕೆಳಗಿನ ನಾವು ಏಳಿಸಲು ಹೋಗುವುದಿಲ್ಲ, ಇಬ್ಬರನ್ನೂ ಅಲ್ಲಿಯೇ ಸಂಸಾರಕ್ಕೆ ಹಚ್ಚುತ್ತೇವೆ. ಒಂದೇ ಅಮಾವಾಸ್ಯೆ, ಒಂದೇ ಸಂಕಟ.

ಸಂಜೆಗೆ ಅಡುಗೆ ಶುರು. ಪತ್ರೊಡೆ ಬೆಳಿಗ್ಗೆಯೇ ಬೆಂದಿದೆ. ಕೆಸುವಿನ ಎಲೆ ಸಿಕ್ಕಿದ್ದು ಮಾಟುಂಗದ ಮಾರುಕಟ್ಟೆಯಲ್ಲಿ, ಬಾಳೆಲೆಯೂ ಅಲ್ಲಿಯದೇ. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ, ಬಸಳೆ. ಅಜ್ಜನ ತಮ್ಮನಿಗೆ ಕಳ್ಳು ಇಷ್ಟ. ಭಾಂಡುಪಿನಲ್ಲಿ ಅದನ್ನು ಎಲ್ಲಿಂದ ತರುವುದು, ಅವರ ಪಾಲಿಗೆ ಕ್ವಾರ್ಟರ್ ಬಾಟಲಿ ಬಂದಿದೆ. ದೊಡ್ಡಮ್ಮ ಮೀನು ತೊಳೆಯುತ್ತ ಗಂಟಲಲ್ಲೇ ಏನೋ ಎಳೆಯುತ್ತಿದ್ದಾರೆ. ಕಿವಿಗೊಟ್ಟರೆ ಅದು ಕಲ್ಕುಡ ಕಲ್ಲುರ್ಟಿಯ ಪಾಡ್ದನ. ಹುಡುಗಿಯಾಗಿದ್ದಾಗ ನೇಜಿ ನೆಡುತ್ತ ಕಲಿತದ್ದು, ಗದ್ದೆ ಮಾರಿದ ಮೇಲೂ ಹಾಡು ಮಾರಾಟವಾಗಿಲ್ಲ.

“ಅಜ್ಜಿ, ಅದು ಏನು ಕಥೆ?” ಎಂದು ಹುಡುಗ ಕೇಳುತ್ತಾನೆ. ಅರ್ಧ ಹಿಂದಿ, ಅರ್ಧ ಕನ್ನಡ. ದೊಡ್ಡಮ್ಮ ಕೈ ತೊಳೆದುಕೊಂಡು ಕೂರುತ್ತಾರೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಬೀರ ಕಲ್ಕುಡ. 1432ರಲ್ಲಿ ನಿಂತ ಆ ಮೂರ್ತಿ ಈಗಲೂ ಗುಡ್ಡದ ಮೇಲಿದೆ, ಊರಿಗೆ ಹೋದಾಗ ನೀನೂ ನೋಡಿದ್ದಿಯಲ್ಲ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಭೈರರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನನ್ನು ಆ ಸ್ಥಿತಿಯಲ್ಲಿ ಕಂಡಳು. ಇಬ್ಬರೂ ಮಾಯವಾದರು. ಮಾಯಕ್ಕೆ ಸಂದು ಶಕ್ತಿಗಳಾಗಿ ಅರಸನನ್ನು ನ್ಯಾಯ ಕೇಳಿಯೇ ಬಿಟ್ಟರು.

“ಮಾಯ ಅಂದರೆ ಸತ್ತರಾ?” ಹುಡುಗ ಬಿಡುವುದಿಲ್ಲ.

“ಸಾಯುವುದಲ್ಲ ಮಗ. ಜೋಗ ಬಿಟ್ಟು ಮಾಯ ಸೇರುವುದು. ಜೋಗ ಅಂದರೆ ನಾವು ನೀವು ಕಣ್ಣಿಗೆ ಕಾಣುವ ಹಾಗೆ ಇದ್ದೇವಲ್ಲ, ಇದು. ಮಾಯ ಅಂದರೆ ಇಲ್ಲೇ, ಕಾಣದ ಹಾಗೆ.”

ಈ ಎರಡು ಶಬ್ದಗಳ ಮೇಲೆ ತುಳುವರ ಇಡೀ ಲೋಕ ನಿಂತಿದೆ. ಸ್ವರ್ಗ ನರಕಗಳ ಲೆಕ್ಕ ಇದರಲ್ಲಿ ಬರುವುದಿಲ್ಲ, ಹೋದವರು ದೂರ ಹೋಗುವುದೂ ಇಲ್ಲ. ಅನ್ಯಾಯಕ್ಕೆ ಸಿಕ್ಕವರು ದೈವಗಳಾಗುತ್ತಾರೆ, ಹಾಗೇ ಹೋದವರು ಕುಲೆಗಳಾಗಿ ಮನೆಯ ಹದಿನಾರು ಮಂದಿ ಹಿರಿಯರ ಸಾಲಿಗೆ ಸೇರುತ್ತಾರೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಹೊತ್ತಿಗೆ ‘ಹದಿನಾರಕ್ಕೆ ಸೇರಿಸುವುದು’ ಎನ್ನುವುದು ಅದನ್ನೇ.

ರಾತ್ರಿ ಒಂಬತ್ತೂವರೆ. ಈಗ ನನ್ನ ಜೊತೆ ಕೆಳಗೆ ಬನ್ನಿ. ಮಾತು ಸಣ್ಣದಾಗಿರಲಿ.

ಕಟ್ಟಡದ ಕೆಳಗೆ ಪಾರ್ಕಿಂಗ್. ಕಂಬಗಳ ನಡುವೆ ಸ್ಕೂಟರುಗಳು, ನೀರಿನ ಪಂಪಿನ ಗುಂಯ್ ಸದ್ದು, ಟ್ಯೂಬ್‌ಲೈಟಿನ ಕೆಳಗೆ ಮಳೆಹುಳ. ಐದನೆಯ ಕಂಬದ ಹತ್ತಿರ, ಯಾರದೋ ಕೆಂಪು ಕಾರು ನಿಂತಿರುವಲ್ಲಿ, ದೊಡ್ಡಮ್ಮನ ಖೋಲಿ ಇತ್ತು. ಕಟ್ಟಡ ಎದ್ದ ಮೊದಲ ವರ್ಷ ಬಿಲ್ಡರನ ನಕ್ಷೆ, ಹಳೆಯ ನಳ್ಳಿಯ ಜಾಗ, ಗೋಡೆಯಾಚೆಯ ಅರಳಿಮರ ಇವನ್ನೆಲ್ಲ ಹಿಡಿದು ಮಾಮ ಅಳತೆ ಹಾಕಿ ಗುರುತಿಸಿಕೊಟ್ಟ ಜಾಗ ಅದು. ಮಗು ಕಣ್ಣು ಮುಚ್ಚಿದ್ದು ಇಲ್ಲಿಯೇ. ಅದಕ್ಕೆ ಬಾಗಿಲು ಗೊತ್ತಿರುವುದು ಇದೊಂದೇ. ಒಂಬತ್ತನೇ ಮಹಡಿಯಿಂದ ಕರೆದರೆ ಹೇಗೆ ಬರಬೇಕು ಎನ್ನುವುದು ದೊಡ್ಡಮ್ಮನ ಪ್ರಶ್ನೆ. ಊರಿನಲ್ಲಿ ಬೊಜ್ಜದ ರಾತ್ರಿ ಅಂಗಳದಲ್ಲಿ ನಿಂತು ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮವಿದೆ. ಇಲ್ಲಿ ಅಂಗಳ ಎಂದರೆ ಈ ಪಾರ್ಕಿಂಗ್.

ದೊಡ್ಡಮ್ಮ ಎಡಗೈಯಲ್ಲಿ ಕಂಚಿನ ಗಿಂಡಿ, ಬಲಗೈಯಲ್ಲಿ ಕಾಲುದೀಪ ಹಿಡಿದು ನಿಂತಿದ್ದಾರೆ. ಗಾಳಿಗೆ ದೀಪ ಆರದಂತೆ ಮಾಮ ಟವೆಲ್ಲು ಅಡ್ಡ ಹಿಡಿದಿದ್ದಾರೆ. ಜೌನ್‌ಪುರದ ವಾಚ್‌ಮನ್ ನಮ್ಮನ್ನು ಕಂಡ ಕೂಡಲೇ ಮೊಬೈಲಿನ ಹಾಡು ನಿಲ್ಲಿಸಿ ಎದ್ದು ನಿಂತ. ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಪಿತೃಪಕ್ಷಕ್ಕೆ ಅವನೂ ರಜೆ ಹಾಕಿ ಊರಿಗೆ ಹೋಗುತ್ತಾನೆ.

ಗಿಂಡಿಯ ನೀರನ್ನು ನೆಲಕ್ಕೆ ಮೂರು ಸಲ ಚಿಮುಕಿಸಿ ದೊಡ್ಡಮ್ಮ ಕರೆಯುತ್ತಾರೆ. ತಾಯಿಯ ಹೆಸರು. ತಂದೆಯ ಹೆಸರು. ಅಜ್ಜನ ತಮ್ಮ. ಹೆರಿಗೆಯಲ್ಲಿ ಹೋದ ಚಿಕ್ಕಮ್ಮ. ಘಟ್ಟಕ್ಕೆ ಕೂಲಿಗೆ ಹೋಗಿ ತಿರುಗಿ ಬಾರದೆ ಹೋದ ಒಬ್ಬ ಮಾವ. ಗಂಡನ ಹೆಸರನ್ನು ಬದುಕಿದ್ದಾಗ ಹೇಗೆ ಹೇಳುತ್ತಿರಲಿಲ್ಲವೋ ಈಗಲೂ ಹೇಳುವುದಿಲ್ಲ, ‘ಹುಡುಗರ ಅಪ್ಪ’ ಎನ್ನುತ್ತಾರೆ. ಕೊನೆಗೆ ಮಗಳ ಹೆಸರು, ಅಳಿಯನ ಹೆಸರು. ದನಿ ಅಲ್ಲಿಯವರೆಗೆ ಗಟ್ಟಿಯಾಗಿದ್ದದ್ದು ಅಲ್ಲಿ ಮೆತ್ತಗಾಗುತ್ತದೆ.

“ಬಲೆ, ಕುಲ್ಲುಲೆ, ಉಣ್ಲೆ.” ಬನ್ನಿ, ಕೂತುಕೊಳ್ಳಿ, ಊಟ ಮಾಡಿ. ಆಗ ಮೂರು ವರ್ಷದವಳಾಗಿದ್ದವಳಿಗೂ ಈಗ ಬಹುವಚನ. ಮದುವೆಯಾದ ಮಗಳು, ಗಂಡನ ಜೊತೆಗೆ ಆಟಿ ಕೂರಲು ತವರಿಗೆ ಬಂದವಳು.

ಲಿಫ್ಟಿನ ಬಾಗಿಲು ತೆರೆಯುತ್ತದೆ. ಮಾಮ ಒಳಗೆ ಹೋಗಿ ಮೂಲೆಗೆ ಒತ್ತಿ ನಿಲ್ಲುತ್ತಾರೆ, ನಾನು ಇನ್ನೊಂದು ಮೂಲೆಗೆ. ನಡುವಿನ ಜಾಗ ಖಾಲಿ ಬಿಡಬೇಕು. ದೊಡ್ಡಮ್ಮ ಹೊರಗೇ ನಿಂತು ಬಾಗಿಲಿಗೆ ಕೈ ಅಡ್ಡ ಕೊಟ್ಟಿದ್ದಾರೆ. ಬಾಗಿಲು ಮುಚ್ಚಲು ಬರುತ್ತದೆ, ಕೈ ತಾಗಿ ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಸರಿಯುತ್ತದೆ. ಲಿಫ್ಟು ಕೀಕೀ ಎಂದು ಕೂಗಲು ಶುರುಮಾಡುತ್ತದೆ. ಅವರು ಅವಸರಪಡುವುದಿಲ್ಲ. ಮುದುಕರಿದ್ದಾರೆ, ಮೆಲ್ಲಗೆ ಬರಬೇಕು. ಎಲ್ಲರೂ ಆದರೆಂದು ಅನಿಸಿದ ಮೇಲೆ ತಾನು ಹತ್ತಿ, ಒಂಬತ್ತನ್ನು ಒತ್ತುತ್ತಾರೆ. ಆ ಒಂಬತ್ತು ಮಹಡಿ ಏರುವಷ್ಟು ಹೊತ್ತು ನಾನು ಉಸಿರು ಬಿಗಿ ಹಿಡಿದಿರುತ್ತೇನೆ. ಇದು ಏನೆಂದು ನನ್ನಲ್ಲಿ ವಾದ ಮಾಡುವವರು ಒಮ್ಮೆ ಆ ಲಿಫ್ಟಿನಲ್ಲಿ ನಿಲ್ಲಬೇಕು.

ಒಳಕೋಣೆಯಲ್ಲಿ ಎಲೆಗಳು ಸಾಲಾಗಿ ಹಾಸಿವೆ. ದೇವರ ಗೂಡಿನ ಬಾಗಿಲು ಮುಚ್ಚಿದೆ, ಇದು ದೇವರ ಕೆಲಸವಲ್ಲ. ಕೊನೆಯ ಎರಡು ಎಲೆಗಳು ಒಂದಕ್ಕೊಂದು ತಾಗಿಕೊಂಡಿವೆ, ಅವುಗಳ ಮುಂದೆ ಹೊಸ ಸೀರೆ, ಹೊಸ ಪಂಚೆ. ಎಲ್ಲ ಬಡಿಸಿ, ನೀರಿಟ್ಟು, ದೀಪ ಸಣ್ಣ ಮಾಡಿ, ಬಾಗಿಲು ಎಳೆದುಕೊಂಡು ನಾವೆಲ್ಲ ಕಾರಿಡಾರಿಗೆ ಬಂದು ನಿಲ್ಲುತ್ತೇವೆ. ಅವರು ಉಣ್ಣುವಾಗ ನೋಡಬಾರದು, ಮಾತಾಡಬಾರದು.

ಈ ಮೌನದಲ್ಲಿ ನನಗೆ ಪ್ರತಿ ವರ್ಷ ಐರ್ಲೆಂಡ್ ನೆನಪಾಗುತ್ತದೆ. ಓದಿ ಕಂಡ ದೇಶ, ಕಾಲಿಟ್ಟದ್ದಲ್ಲ. ಅಕ್ಟೋಬರ್ 31ರ ರಾತ್ರಿ ಅವರಿಗೆ ಸೌವಿನ್. ಬೇಸಿಗೆ ಮುಗಿದು ಕತ್ತಲ ಕಾಲ ಶುರುವಾಗುವ ಆ ಸಂಧಿಯಲ್ಲಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆಂದು ನಂಬಿಕೆ. ನವೆಂಬರಿನ ಆರಂಭದ ಸತ್ತವರ ರಾತ್ರಿ ಹಳ್ಳಿಮನೆಗಳಲ್ಲಿ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ, ಒಲೆಯ ಬೆಂಕಿ ಉಳಿಸಿ ಅದರ ಮುಂದೆ ಕುರ್ಚಿಗಳನ್ನಿಟ್ಟು ಮನೆಯವರು ಬೇಗ ಮಲಗುತ್ತಿದ್ದರು, ಬಂದವರಿಗೆ ಇರಿಸುಮುರಿಸಾಗಬಾರದೆಂದು. ನಾವು ಕಾರಿಡಾರಿಗೆ ಬಂದು ನಿಲ್ಲುವುದೂ ಇದಕ್ಕೇ. ಅವರ ಹಳೆಯ ದೇವಗಣ, ಟುವಾಹಾ ಡೇ ದನನ್, ಯುದ್ಧದಲ್ಲಿ ಸೋತ ಮೇಲೆ ಸಾಯಲಿಲ್ಲ. ದಿಬ್ಬಗಳ ಒಳಗೆ ಹೊಕ್ಕು ಅಲ್ಲಿಯೇ ಬದುಕಿತು ಎಂದು ಅವರ ಕಥೆಗಳು ಹೇಳುತ್ತವೆ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. “ಮಾಯಕ್ಕೆ ಸಂದದ್ದು” ಎಂದರು.

ಹೆಣ ಮನೆಯಲ್ಲಿರುವ ರಾತ್ರಿ ಐರಿಷರು ಜಾಗರಣೆ ಕೂರುತ್ತಿದ್ದರು. ಗಡಿಯಾರ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಮುಚ್ಚಿ, ಜೀವ ಹೋಗಲೆಂದು ಕಿಟಕಿ ತೆರೆದು, ಬಂದವರಿಗೆಲ್ಲ ಹೊಗೆಸೊಪ್ಪು, ಕುಡಿಯಲು ಕೊಟ್ಟು, ಕಥೆ ಹೇಳಿ, ಆಟವನ್ನೂ ಆಡಿ ಬೆಳಗು ಮಾಡುತ್ತಿದ್ದರು. ಕ್ಯಾಥೊಲಿಕ್ ಬಿಷಪ್ಪರು ಶತಮಾನಗಳ ಕಾಲ ಇದನ್ನು ತಡೆಯಲು ನೋಡಿದರು, ಜನ ಒಂದು ಕೈಯಲ್ಲಿ ಜಪಮಾಲೆ ಹಿಡಿದು ಇನ್ನೊಂದರಲ್ಲಿ ಇದನ್ನೂ ಉಳಿಸಿಕೊಂಡರು. ಎಲ್ಲಕ್ಕಿಂತ ಮುಖ್ಯವಾದದ್ದು ಕ್ವೀನೆ, ಹೆಣದ ಮುಂದೆ ಹೆಂಗಸರು ಐರಿಷ್ ಭಾಷೆಯಲ್ಲಿ ಹಾಡಿ ಅಳುವುದು. ಸತ್ತವನನ್ನು ಹೆಸರು ಹಿಡಿದು ಕರೆದು, ಅವನ ವಂಶ ಹೇಳಿ, ಯಾಕೆ ಹೋದೆ ಎಂದು ಬೈಯುವುದೂ ಅದರಲ್ಲಿತ್ತು. ನಾಟಕಕಾರ ಸಿಂಜ್ 1898ರಿಂದ ಅರನ್ ದ್ವೀಪಗಳಿಗೆ ಹೋಗಿಬರುತ್ತಿದ್ದಾಗ ಅದನ್ನು ಕೇಳಿ ಬರೆದಿಟ್ಟ. ಆಮೇಲೆ ಹೆಚ್ಚು ಕಾಲ ಅದು ಉಳಿಯಲಿಲ್ಲ. ಅದಕ್ಕೂ ಮೊದಲೇ, 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿದಾಗ, ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಮಾತಾಡುವ ಬಡವರಿಗೆ. ಉಳಿದವರು ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು, ಹೊಟ್ಟೆಪಾಡು. ಭಾಷೆ ಹಿಂದೆ ಸರಿದಂತೆ ಅಳುವ ಹಾಡೂ ಸರಿಯಿತು.

ಆ ದೇಶದ ಒಬ್ಬ ಕವಿಯ ಋಣ ಕನ್ನಡದ ಮೇಲಿದೆ. ಬೆಲ್ಫಾಸ್ಟಿನಲ್ಲಿ 1873ರಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್, ಕವಿ ಯೇಟ್ಸನ ಸಂಗಡಿಗರ ಬಳಗದಲ್ಲಿದ್ದು ಐರಿಷ್ ಪುರಾಣಗಳನ್ನು ಕವಿತೆ ಮಾಡಿದವರು, 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಅವರಲ್ಲಿಗೆ ಹೋದ. ನಿನ್ನ ಭಾಷೆಯಲ್ಲಿ ಏನು ಬರೆದಿದ್ದಿ ಎಂದು ಅವರು ಕೇಳಿದರು. ಆ ವಿದ್ಯಾರ್ಥಿ ಕುವೆಂಪು. ಇದನ್ನು ನಾವು ಸಾಹಿತ್ಯದ ಪ್ರಸಂಗವಾಗಿ ಹೇಳುತ್ತ ಬಂದಿದ್ದೇವೆ. ನನಗೆ ಕಾಣುವುದು ಬೇರೆ. ತನ್ನ ಜನ ಹೆಣದ ಮುಂದೆ ಅಳುತ್ತಿದ್ದ ಭಾಷೆಯನ್ನು ಕಳೆದುಕೊಂಡ ನಾಡಿನಿಂದ ಬಂದವರು ಆ ಪ್ರಶ್ನೆ ಕೇಳಿದ್ದರು.

ಮಾಮ ಕೆಮ್ಮುತ್ತಾರೆ. ಒಳಗಿರುವವರಿಗೆ ಸೂಚನೆ. ಬಾಗಿಲಿಗೆ ಮೂರು ಸಲ ಮೆಲ್ಲಗೆ ತಟ್ಟಿ, ತುಸು ತಡೆದು ತೆರೆಯುತ್ತಾರೆ. ದೀಪ ಉರಿಯುತ್ತಿದೆ. ಎಲೆಗಳು ಬಡಿಸಿದ ಹಾಗೇ ಇವೆ, ಅನ್ನದ ಮೇಲಿನ ಹಬೆ ಮಾತ್ರ ಇಲ್ಲ. ದೊಡ್ಡಮ್ಮ ಮಗಳ ಎಲೆಯ ಹತ್ತಿರ ಕೂತು ಸೀರೆಯ ಮಡಿಕೆ ಸರಿಮಾಡುತ್ತಾರೆ. ಅಷ್ಟರಲ್ಲಿ ಫೋನು. ಠಾಣೆಯಿಂದ ಬೀಗಿತ್ತಿ. ಪ್ರತಿ ಆಟಿಯಲ್ಲೂ ಈ ಹೊತ್ತಿಗೆ ಈ ಫೋನು ಬರುತ್ತದೆ. “ಬಂದರಾ?” ಎಂದು ಆ ಕಡೆಯಿಂದ. “ಬಂದರು, ಉಂಡರು” ಎಂದು ಈ ಕಡೆಯಿಂದ. ಆಮೇಲೆ ಇಬ್ಬರು ತಾಯಂದಿರು ಮೊಣಕಾಲು ನೋವು, ಪಾಮೊಲಿನ್ ಎಣ್ಣೆಯ ಕ್ರಯ, ಮೊಮ್ಮಕ್ಕಳ ಶಾಲೆ ಎಂದು ಅರ್ಧ ಗಂಟೆ ಮಾತಾಡುತ್ತಾರೆ. ಮಕ್ಕಳು ಬದುಕಿದ್ದರೆ ಈ ಇಬ್ಬರು ಭೇಟಿಯಾಗುತ್ತಲೇ ಇರಲಿಲ್ಲ.

ನಮ್ಮ ಊಟ ಮುಗಿದಾಗ ಹನ್ನೊಂದಾಗಿತ್ತು. ಹುಡುಗ ಮಲಗಿಲ್ಲ. “ಅಜ್ಜಿ ಕರೆದದ್ದು ಎಷ್ಟು ಜನರನ್ನು?” ಎಂದು ನನ್ನನ್ನು ಕೇಳಿದ. ನಾನು ಬೆರಳು ಮಡಿಸುತ್ತ ಹೋದೆ. ಏಳಕ್ಕೆ ನಿಂತೆ. ನಲವತ್ತು ವರ್ಷದಿಂದ ಪ್ರತಿ ಆಟಿಯಲ್ಲೂ ಕೇಳುತ್ತ ಬಂದ ನನಗೆ ಗೊತ್ತಿದ್ದದ್ದು ಏಳು ಹೆಸರು. ಹುಡುಗನಿಗೆ ಎರಡು, ಒಂದು ಅವನ ಅಜ್ಜನದು, ಇನ್ನೊಂದು ಅವನು ಕಂಡಿರದ ಆ ಅತ್ತೆಯದು. ಕರೆಯುವ ಮೂರು ಶಬ್ದ ಅವನ ಬಾಯಿಗೆ ಬರುವುದಿಲ್ಲ.

ನನ್ನ ಚಿಂತೆ ಇದೊಂದೇ. ಮುಂಬಯಿಯಲ್ಲಿ ನಮಗೆ ಸಂಘಗಳಿಗೆ ಕೊರತೆಯಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು, ಮಾಟುಂಗದ ಕರ್ನಾಟಕ ಸಂಘ 1933ರದು. ಈ ತಿಂಗಳು ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ, ನಡೆಯುತ್ತದೆ. ಪತ್ರೊಡೆ, ಹುರುಳಿ ಸಾರು, ಹಲಸಿನ ಕಡುಬು, ಆಟಿ ಕಳೆಂಜನ ಕುಣಿತ. ಆಗಲಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ತಿಂಡಿ ಬಂದಿದೆ, ಉಣ್ಣಬೇಕಾದವರು ಬಂದಿಲ್ಲ. ಕುಲೆಗಳ ಬಗ್ಗೆ ವೇದಿಕೆಯ ಮೇಲೆ ಮಾತಾಡಲು ನಮಗೆ ನಾಚಿಕೆ. ನಮ್ಮ ಮುದುಕರಿಗೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ಸತ್ತವರಿಗೆ ಬರುವುದು ಊರಿನ ಮಾತು ಮಾತ್ರ. ನಮ್ಮ ಮಕ್ಕಳು ಅವರನ್ನು ಯಾವ ಭಾಷೆಯಲ್ಲಿ ಕರೆಯುತ್ತಾರೆ?

ಐರ್ಲೆಂಡಿನವರು ತಡವಾಗಿಯಾದರೂ ಒಂದು ಕೆಲಸ ಮಾಡಿದರು. 1935ರಲ್ಲಿ ಜಾನಪದ ಆಯೋಗ ಕಟ್ಟಿದರು. 1937ರಿಂದ 1939ರವರೆಗೆ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಐವತ್ತು ಸಾವಿರ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ, ಕೇಳಿದ್ದನ್ನು ನೋಟ್‌ಪುಸ್ತಕದಲ್ಲಿ ಬರೆದು ತಂದರು. ಸುಮಾರು ಏಳು ಲಕ್ಷ ನಲವತ್ತು ಸಾವಿರ ಪುಟ. ನಮ್ಮಲ್ಲಿಯೂ ಆಗಿದೆ. 1990ರಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ಅವರೂ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೂ ದಾಖಲಿಸಿದರು, 15,683 ಸಾಲು, ಒಬ್ಬ ಮನುಷ್ಯನ ನೆನಪಿನಿಂದ. ಆದರೆ ನನ್ನ ದೊಡ್ಡಮ್ಮನ ಹದಿನಾರು ಹೆಸರುಗಳನ್ನು ಬರೆದುಕೊಳ್ಳಲು ಯಾವ ವಿದ್ವಾಂಸರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದು ನನ್ನ ಕೆಲಸ.

ಹುಡುಗ ಶಾಲೆಯ ಚೀಲದಿಂದ ರಫ್ ಪುಸ್ತಕ ತಂದ. ಬೆಳಿಗ್ಗೆ ತೊಗಟೆ ಕೊಟ್ಟ ಆ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಅಲ್‌ಸ್ಟೋನಿಯಾ ಸ್ಕಾಲರಿಸ್ ಎಂದು ಹೆಸರು. ಹಿಂದೆ ಅದರ ಹಲಗೆಯಲ್ಲಿ ಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದರು, ಅದಕ್ಕೆ ಆ ಹೆಸರು ಬಂತು. ದೊಡ್ಡಮ್ಮ ಗೋಡೆಗೆ ಒರಗಿ ಕಾಲು ಚಾಚಿ ಹೇಳುತ್ತ ಹೋದರು, ಹುಡುಗ ಬರೆಯುತ್ತ ಹೋದ. ಹೆಸರು, ಯಾರ ಮಗಳು, ಯಾವ ಮನೆ, ಏನು ಇಷ್ಟ. ಕನ್ನಡ ಅಕ್ಷರ ಅವನಿಗೆ ಪೂರ್ತಿ ಬಾರದು, ಅಲ್ಲಲ್ಲಿ ನಾಗರಿಯಲ್ಲಿ ಬರೆದ. ಹನ್ನೆರಡೂವರೆಗೆ ಹದಿನಾಲ್ಕು ಹೆಸರಾಯಿತು. ಇನ್ನೆರಡು ದೊಡ್ಡಮ್ಮನಿಗೂ ಥಟ್ಟನೆ ನೆನಪಾಗಲಿಲ್ಲ. ಊರಲ್ಲಿ ಅವರ ಅತ್ತಿಗೆ ಒಬ್ಬರು ಇದ್ದಾರೆ, ಎಂಬತ್ತೆಂಟು ವರ್ಷ, ಅವರಿಗೆ ಗೊತ್ತಿರಬಹುದು. ಬೆಳಿಗ್ಗೆ ಮೊದಲ ಕೆಲಸ ಅವರಿಗೆ ಫೋನು ಮಾಡುವುದು.

ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇರುತ್ತಾರೆ. ನೀವೂ ಫೋನು ಮಾಡಿ.